ಪ್ರಾಣಿಗಳ ಮೈತ್ರಿಗೆ ಗಣಿತದ ಮಾಡೆಲ್ ಕಟ್ಟೋದು ಹೇಗೆ: ಗಂಡು ಸಿಂಹದಿಂದ ಶುರು ಮಾಡೋಣ

ಗಿರ್ ಕಾಡಿನ ಗಂಡು ಸಿಂಹಗಳ ಬಗ್ಗೆ ಓದಿದ ಒಂದು ವಿಷಯ ನನ್ನ ತಲೇಲಿ ಹಂಗೇ ಕೂತ್ಬಿಟ್ಟಿದೆ. ಅಲ್ಲಿ ಗಂಡುಗಳು ಸಾಮಾನ್ಯವಾಗಿ ಎರಡೆರಡು, ಕೆಲವೊಮ್ಮೆ ಮೂರು ಸೇರ್ಕೊಂಡು ಜಾಗ ಕಾಯ್ತವೆ, ಹೊರಗಿನ ಗಂಡು ಬಂದ್ರೆ ಒಟ್ಟಿಗೆ ನಿಂತು ಓಡಿಸ್ತವೆ. ಇಷ್ಟು ಕೇಳೋಕೆ ಚೆನ್ನಾಗಿದೆ, ಆದ್ರೆ ಸ್ತೋತ್ರ ಚಕ್ರಬರ್ತಿ ಮತ್ತೆ ಯಾದವೇಂದ್ರದೇವ್ ಝಾಲಾ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಕೂಟದಲ್ಲಿ ಮೇಲುಗೈ ಇರೋ ಗಂಡಿಗೇ ಹೆಣ್ಣುಗಳ ಜೊತೆ ಕೂಡೋ ಅವಕಾಶದಲ್ಲಿ 70 ಪರ್ಸೆಂಟಿಗಿಂತ ಜಾಸ್ತಿ ಹೋಗತ್ತೆ, ಊಟದಲ್ಲೂ ದೊಡ್ಡ ಪಾಲು ಅವನದೇ. ಹಂಗಿದ್ರೆ ಇನ್ನೊಬ್ಬ ಯಾಕೆ ಬಿಟ್ಟು ಹೋಗಲ್ಲ? ಜೀವ ಪಣಕ್ಕಿಟ್ಟು ಜಗಳ ಆಡೋವಾಗ ಇಬ್ಬರೂ ಬೇಕು, ಹಂಚ್ಕೊಳ್ಳೋವಾಗ ಒಬ್ಬನಿಗೇ ಬಹುಪಾಲು, ಇದನ್ನ ಅವನು ಯಾಕೆ ಸಹಿಸ್ಕೊಳ್ತಾನೆ?

ಈ ಪ್ರಶ್ನೆಗೆ "ಸ್ನೇಹ" ಅಂತ ಉತ್ತರ ಕೊಟ್ಟು ಮುಗಿಸಬಹುದು. ಆದ್ರೆ ಒಂದು ನೋಟ್‌ಬುಕ್ಕು, ಒಂದು ಎಕ್ಸೆಲ್ ಶೀಟು ಇಟ್ಕೊಂಡು ಕೂತ್ರೆ ಇನ್ನೂ ಒಳ್ಳೆ ಉತ್ತರ ಸಿಗತ್ತೆ, ಅದನ್ನ ಹೇಗೆ ಮಾಡೋದು ಅಂತ ಇಲ್ಲಿ ಹಂತ ಹಂತವಾಗಿ ಬರೀತಿದೀನಿ. ಹತ್ತನೇ ಕ್ಲಾಸಿನ ಗಣಿತ ಸಾಕು, ಗುಣಾಕಾರ ಭಾಗಾಕಾರ ಬಂದ್ರೆ ಮುಕ್ಕಾಲು ಭಾಗ ಆದಂಗೆ. ಕೊನೇಲಿ ಮಾತ್ರ ಸ್ವಲ್ಪ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಬೇಕಾಗತ್ತೆ, ಅದೂ ಇಷ್ಟ ಇದ್ದೋರಿಗೆ.

ಶುರು ಮಾಡೋಕೆ ಮುಂಚೆ ಮೂರು ವಿಷಯ ಬರ್ಕೊಳ್ಳಿ

ಬಹಳ ಜನ ಇಲ್ಲೇ ದಾರಿ ತಪ್ಪೋದು. ನಾನೂ ಮೊದಲ ಸಲ ಸೀದಾ ಕಂಪ್ಯೂಟರ್ ತೆಗೆದು 40 ಪ್ರಾಣಿ ಹಾಕಿ ಓಡಿಸ್ದೆ, ಪರದೆ ಮೇಲೆ ಏನೇನೋ ಗುಂಪು ಕಾಣಿಸ್ತು, ಅದು ಯಾಕೆ ಆಯ್ತು ಅಂತ ಒಂದು ಸಾಲು ಹೇಳೋಕೂ ಆಗ್ಲಿಲ್ಲ. ಆಮೇಲೆ ವಾಪಸ್ ಬಂದು ಎರಡೇ ಪ್ರಾಣಿ ಇಟ್ಕೊಂಡು ಪೇಪರ್ ಮೇಲೆ ಲೆಕ್ಕ ಹಾಕಿದಾಗ ವಿಷಯ ಅರ್ಥ ಆಗ್ತಾ ಹೋಯ್ತು.

ಮೊದಲನೇದು, ಲಾಭನ ಯಾವುದರಲ್ಲಿ ಅಳೀತೀರಿ. ಸಿಂಹಕ್ಕೆ ನಾನು ಮರಿಗಳ ಲೆಕ್ಕ ತಗೊಳ್ತೀನಿ, ಒಂದು ಗಂಡು ತನ್ನ ಜೀವನದಲ್ಲಿ ಎಷ್ಟು ಮರಿಗೆ ಅಪ್ಪ ಆಗತ್ತೆ ಅನ್ನೋದು. ಊಟ, ಸುರಕ್ಷತೆ, ಮರಿ ಎಲ್ಲಾ ಒಟ್ಟಿಗೆ ಕಲಸಬೇಡಿ, ಒಂದನ್ನ ಹಿಡ್ಕೊಳ್ಳಿ. ಎರಡನೇದು, ಒಂದು ಸಲದ ಸಹಾಯನಾ ಅಥವಾ ವರ್ಷಾನುಗಟ್ಟಲೆ ನಡೆಯೋ ಒಡನಾಟನಾ. ಜಗಳದ ಮಧ್ಯೆ ಬಂದು ಒಬ್ಬನ ಪರ ನಿಂತು ಹೋಗೋದು ಬೇರೆ, ಸಿಂಹದ ಥರ ಒಟ್ಟಿಗೇ ಬಾಳೋದು ಬೇರೆ. ಯಾವ ಹೆಸರಾದ್ರೂ ಇಡಿ, ಆದ್ರೆ ಎರಡನ್ನೂ ಒಂದೇ ಮಾಡೆಲ್‌ಗೆ ತುರುಕಬೇಡಿ. ಮೂರನೇದು ಎಲ್ಲಕ್ಕಿಂತ ಮುಖ್ಯ, ಜೊತೆ ಬಿಟ್ಟು ಹೋದ್ರೆ ಅವನಿಗೆ ಏನು ಸಿಗತ್ತೆ. ಒಬ್ಬಂಟಿಯಾದ್ರೆ ಎಷ್ಟು ಅನ್ನೋ ಸಂಖ್ಯೆ ಇಲ್ದೆ ಜೊತೆಗಿದ್ರೆ ಲಾಭ ಅಂತ ಹೇಳೋದಕ್ಕೆ ಅರ್ಥನೇ ಇಲ್ಲ.

ಮೊದಲ ಸೂತ್ರ: ಜಗಳ ಗೆಲ್ಲೋ ಚಾನ್ಸ್

ನಮ್ಮ ಕಡೆ ಇರೋ ಗಂಡುಗಳ ಸಂಖ್ಯೆಗೆ ನ ಅನ್ನಿ, ಎದುರಾಳಿಗಳ ಸಂಖ್ಯೆಗೆ ಎ ಅನ್ನಿ. ಎರಡು ಥರ ಸೂತ್ರ ಬರೆಯಬಹುದು:

ನೇರ ಸೂತ್ರ: ಗೆಲ್ಲೋ ಚಾನ್ಸ್ = ನ ÷ (ನ + ಎ)
ವರ್ಗ ಸೂತ್ರ: ಗೆಲ್ಲೋ ಚಾನ್ಸ್ = ನ×ನ ÷ (ನ×ನ + ಎ×ಎ)

ಇದರ ಹಿಂದಿರೋ ಯೋಚನೆ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಬ್ರಿಟಿಷ್ ಎಂಜಿನಿಯರ್‌ದು, ಕಾರು ಮಾಡ್ತಿದ್ದ ಮನುಷ್ಯ, ಮೊದಲನೇ ಮಹಾಯುದ್ಧದ ಟೈಮಲ್ಲಿ 1916ರಲ್ಲಿ ಯುದ್ಧದ ಲೆಕ್ಕಾಚಾರ ಪ್ರಕಟಿಸಿದ್ರು. ಸಾರ ಇಷ್ಟೇ: ಇಕ್ಕಟ್ಟಾದ ಜಾಗದಲ್ಲಿ ಒಬ್ಬರಿಗೊಬ್ಬರು ಎದುರಾಗಿ ಹೊಡೆದಾಡಿದ್ರೆ ಜನ ಜಾಸ್ತಿ ಇದ್ರೂ ಹಿಂದಿನೋರು ಸುಮ್ನೆ ನಿಂತಿರ್ಬೇಕು, ಆಗ ಸಂಖ್ಯೆಯ ಬಲ ನೇರವಾಗಿ ಏರತ್ತೆ. ಬಯಲಲ್ಲಿ ಆದ್ರೆ ಇಬ್ಬರು ಸೇರಿ ಒಬ್ಬನ ಮೇಲೆ ಒಂದೇ ಸಲ ಬೀಳಬಹುದು, ಒಬ್ಬ ಮುಂದಿಂದ ಒಬ್ಬ ಹಿಂದಿಂದ, ಆಗ ಸಂಖ್ಯೆಯ ಬಲ ವರ್ಗದಲ್ಲಿ ಏರತ್ತೆ. ಲ್ಯಾಂಚೆಸ್ಟರ್ ಬರೆದ ಸಮೀಕರಣ ಮೇಲಿನ ಥರನೇ ಇಲ್ಲ, ನಾನು ಆ ಯೋಚನೆನ ಸರಳ ಮಾಡಿ ಚಾನ್ಸ್ ಲೆಕ್ಕಕ್ಕೆ ಇಳಿಸಿದೀನಿ. ಇರುವೆ, ಚಿಂಪಾಂಜಿ ಅಧ್ಯಯನ ಮಾಡೋರೂ ಈ ನಿಯಮಗಳನ್ನ ಬಳಸಿದಾರೆ.

ಪ್ರಾಣಿಗಳಿಗೆ ಎದುರಾಳಿ ಎಷ್ಟು ಅಂತ ಗೊತ್ತಾಗತ್ತಾ ಅನ್ನೋ ಅನುಮಾನ ನಿಮಗೆ ಬಂದಿದ್ರೆ ಒಳ್ಳೇದೇ. ಕ್ಯಾರೆನ್ ಮೆಕ್‌ಕೂಂಬ್, ಕ್ರೇಗ್ ಪ್ಯಾಕರ್, ಆನ್ ಪ್ಯೂಸಿ ಅನ್ನೋ ಸಂಶೋಧಕರು 1994ರಲ್ಲಿ ಇದನ್ನೇ ತೋರಿಸಿದ್ರು. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಹೆಣ್ಣು ಸಿಂಹಗಳಿಗೆ ಸ್ಪೀಕರಲ್ಲಿ ಅಪರಿಚಿತ ಸಿಂಹಗಳ ಗರ್ಜನೆ ಕೇಳಿಸಿದ್ರು, ಒಂದು ಸಲ ಒಬ್ಬಳದು, ಇನ್ನೊಂದು ಸಲ ಮೂವರದು. ಒಬ್ಬಳ ದನಿ ಕೇಳಿದಾಗ ಧೈರ್ಯವಾಗಿ ಮುಂದೆ ಹೋಗೋವು ಮೂವರ ದನಿ ಕೇಳಿದಾಗ ಹಿಂಜರಿದ್ವು, ತಮ್ಮ ಕಡೆ ಜಾಸ್ತಿ ಜನ ಇದ್ರೆ ಮತ್ತೆ ಧೈರ್ಯ. ಅಂದ್ರೆ ನಮ್ಮ ಸೂತ್ರದ ನ ಮತ್ತೆ ಎ ಎರಡನ್ನೂ ಅವು ತಮ್ಮದೇ ರೀತಿಲಿ ತೂಗಿ ನೋಡ್ತವೆ.

ಈಗ ಶೀಟ್ ತೆಗೀರಿ. ಮೊದಲ ಕಾಲಂನಲ್ಲಿ ನ, 1ರಿಂದ 5ರ ತನಕ. ಎರಡನೇ ಕಾಲಂನಲ್ಲಿ ವರ್ಗ ಸೂತ್ರ. ಮೂರನೇದರಲ್ಲಿ ಅದನ್ನ 12ರಿಂದ ಗುಣಿಸಿ, ಗೆದ್ದ ಕೂಟಕ್ಕೆ ಒಟ್ಟು 12 ಮರಿ ಅಂತ ಇಟ್ಕೊಳ್ಳೋಣ, ಇದು ಲೆಕ್ಕಕ್ಕೆ ನಾನು ಆರಿಸಿದ ಸಂಖ್ಯೆ ಅಷ್ಟೇ, ಕಾಡಿನ ಅಳತೆ ಅಲ್ಲ. ನಾಲ್ಕನೇದರಲ್ಲಿ ತಲೆಗೆಷ್ಟು. ಎದುರಾಳಿ ಇಬ್ಬರು ಅಂತಿಟ್ರೆ ಹೀಗೆ ಬರತ್ತೆ:

ಒಬ್ಬ: ಚಾನ್ಸ್ 20%, ಒಟ್ಟು 2.4, ತಲೆಗೆ 2.4
ಇಬ್ಬರು: 50%, ಒಟ್ಟು 6, ತಲೆಗೆ 3
ಮೂವರು: 69%, ಒಟ್ಟು 8.3, ತಲೆಗೆ 2.8
ನಾಲ್ವರು: 80%, ಒಟ್ಟು 9.6, ತಲೆಗೆ 2.4
ಐವರು: 86%, ಒಟ್ಟು 10.3, ತಲೆಗೆ 2.1

ಕೊನೇ ಅಂಕಿ ನೋಡ್ತಾ ಹೋಗಿ. ಇಬ್ಬರಿದ್ದಾಗ ಶಿಖರ, ಆಮೇಲೆ ಇಳಿಕೆ. ಗೆಲ್ಲೋ ಚಾನ್ಸ್ ಮಾತ್ರ ಏರ್ತಾನೇ ಇದೆ, ಅದಕ್ಕೇ ಚಾನ್ಸ್ ಒಂದನ್ನೇ ನೋಡಿದ್ರೆ ಮೋಸ ಹೋಗ್ತೀವಿ. ಈಗ ಎದುರಾಳಿನ 3 ಮಾಡಿ ನೋಡಿ, ತಲೆಗೆ 1.2, 1.85, 2.0, 1.92 ಬರತ್ತೆ, ಶಿಖರ ಮೂವರ ಹತ್ರ ಹೋಯ್ತು. 4 ಮಾಡಿದ್ರೆ ನಾಲ್ವರ ಹತ್ರ. ಈ ಸೂತ್ರದಲ್ಲಿ ಸಮಪಾಲು ಆದ್ರೆ ಎದುರಾಳಿ ಎಷ್ಟು ಜನಾನೋ ಅಷ್ಟೇ ಜನ ನಾವಿರೋದು ಎಲ್ಲಕ್ಕಿಂತ ಒಳ್ಳೇದು, ಕ್ಯಾಲ್ಕುಲಸ್ ಗೊತ್ತಿದ್ರೆ ನ ÷ (ನ×ನ + ಎ×ಎ) ಅನ್ನೋದನ್ನ ಅವಕಲನ ಮಾಡಿ ಸೊನ್ನೆಗೆ ಸಮ ಮಾಡಿ, ಎರಡೇ ಸಾಲಲ್ಲಿ ಸಿಗತ್ತೆ. ಪಕ್ಕದೋನು ಗುಂಪು ಕಟ್ಟಿದ ಅಂತ ನಾನೂ ಕಟ್ಟಬೇಕಾಗೋ ಪರಿಸ್ಥಿತಿ, ಅದು ಸೂತ್ರದ ಒಳಗೇ ಕೂತಿದೆ.

ಇನ್ನೊಂದು ಕೆಲಸ ತಪ್ಪದೆ ಮಾಡಿ, ವರ್ಗ ಸೂತ್ರ ತೆಗೆದು ನೇರ ಸೂತ್ರ ಹಾಕಿ. ಎದುರಾಳಿ ಇಬ್ಬರಿದ್ರೆ ತಲೆಗೆ 4, 3, 2.4 ಅಂತ ಇಳೀತಾನೇ ಹೋಗತ್ತೆ, ಎದುರಾಳಿ ಎಷ್ಟೇ ಇದ್ರೂ ಒಬ್ಬನೇ ಇರೋದೇ ಲಾಭ. ಅಂದ್ರೆ ಒಬ್ಬರಿಗೊಬ್ಬರು ಎದುರಾಗಿ ಮಾತ್ರ ಹೊಡೆದಾಡೋ ಪ್ರಾಣಿಗಳಲ್ಲಿ ಬರೀ ಜಗಳದ ಲಾಭಕ್ಕೋಸ್ಕರ ಮೈತ್ರಿ ಹುಟ್ಟಲ್ಲ. ಮೈತ್ರಿಗೆ "ಒಂದು ಮತ್ತೊಂದು ಸೇರಿದ್ರೆ ಎರಡಕ್ಕಿಂತ ಜಾಸ್ತಿ" ಅನ್ನೋ ಅಂಶ ಎಲ್ಲೋ ಒಂದು ಕಡೆ ಬೇಕೇ ಬೇಕು. ನನಗೆ ಈ ಇಡೀ ಲೆಕ್ಕದಲ್ಲಿ ಅತಿ ಇಷ್ಟವಾದ ಜಾಗ ಇದು, ಒಂದು ಘಾತಾಂಕ ಬದಲಾಯಿಸಿದ್ರೆ ಒಂದು ಸಮಾಜನೇ ಇಲ್ಲದಂಗೆ ಆಗ್ಬಿಡತ್ತೆ.

ಎರಡನೇ ಸೂತ್ರ: ಪಾಲು

ಈಗ ಸಮಪಾಲು ಅನ್ನೋ ಊಹೆ ಕಿತ್ತಾಕಿ. ಜೋಡೀಲಿ ಮೇಲಿನೋನಿಗೆ 70%, ಕೆಳಗಿನೋನಿಗೆ 30%. ಎದುರಾಳಿ ಇಬ್ಬರಿದ್ದಾಗ ಜೋಡಿಯ ಒಟ್ಟು ಲಾಭ 6, ಅದರಲ್ಲಿ ಕೆಳಗಿನೋನಿಗೆ 1.8. ಒಬ್ಬಂಟಿಯಾಗಿ ಹೋದ್ರೆ 2.4. ಅವನು ಬಿಟ್ಟು ಹೋಗ್ಬೇಕು! ಇರ್ಬೇಕಾದ್ರೆ ಅವನಿಗೆ ಕನಿಷ್ಠ 2.4 ÷ 6, ಅಂದ್ರೆ 40% ಸಿಗ್ಬೇಕು.

ಈ 40% ಅನ್ನೋ ಗೆರೆ ಇದೆಯಲ್ಲ, ಅದನ್ನ ಶೀಟಲ್ಲಿ ಬೇರೆ ಸೆಲ್‌ನಲ್ಲಿ ಇಡಿ, ಯಾಕಂದ್ರೆ ಮುಂದೆ ಎಲ್ಲಾ ಆಟ ನಡೆಯೋದು ಇದರ ಮೇಲೆನೇ. ಮೇಲಿನೋನು ಎಷ್ಟು ಬಾಚ್ಕೋಬಹುದು ಅನ್ನೋದನ್ನ ಅವನ ಬಲ ಒಂದೇ ತೀರ್ಮಾನ ಮಾಡಲ್ಲ, ಕೆಳಗಿನೋನ ಒಬ್ಬಂಟಿ ಬದುಕು ಎಷ್ಟು ಕೆಟ್ಟದು ಅನ್ನೋದೂ ತೀರ್ಮಾನ ಮಾಡತ್ತೆ. ಎದುರಾಳಿ 3 ಆದ್ರೆ ಗೆರೆ 32.5%ಗೆ ಇಳಿಯತ್ತೆ, 4 ಆದ್ರೆ 29.4%. ಎಷ್ಟೇ ಏರಿಸ್ತಾ ಹೋಗಿ, 25%ಗಿಂತ ಕೆಳಗೆ ಮಾತ್ರ ಹೋಗಲ್ಲ, ವರ್ಗ ಸೂತ್ರದಲ್ಲಿ ಒಬ್ಬನ ಬಲ ಇಬ್ಬರ ಬಲದ ಕಾಲು ಭಾಗ ಆಗಿರೋದ್ರಿಂದ. ಹೊರಗೆ ಅಪಾಯ ಜಾಸ್ತಿ ಆದಷ್ಟೂ ಒಳಗೆ ಅನ್ಯಾಯ ಸಹಿಸ್ಕೊಳ್ಳೋ ಮಿತಿ ಜಾಸ್ತಿ ಆಗತ್ತೆ, ಆದ್ರೆ ಅದಕ್ಕೂ ಒಂದು ತಳ ಇದೆ.

ಮೂರನೇ ಸೂತ್ರ: ನಂಟು

ಡಬ್ಲ್ಯು. ಡಿ. ಹ್ಯಾಮಿಲ್ಟನ್ ಅನ್ನೋ ಜೀವವಿಜ್ಞಾನಿ 1964ರಲ್ಲಿ ಕೊಟ್ಟ ನಿಯಮ ಬಹಳ ಜನಕ್ಕೆ ಗೊತ್ತಿರತ್ತೆ. ಸಹಾಯ ಪಡೆದೋನಿಗೆ ಆಗೋ ಲಾಭನ ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿ, ಅದು ಸಹಾಯ ಮಾಡಿದೋನ ನಷ್ಟಕ್ಕಿಂತ ಜಾಸ್ತಿ ಇದ್ರೆ ಸಹಾಯ ಮಾಡೋ ಗುಣ ಉಳೀತದೆ. ಒಡಹುಟ್ಟಿದ ಅಣ್ಣತಮ್ಮಂದಿರಿಗೆ ಆ ಪ್ರಮಾಣ 0.5, ಅಪ್ಪ ಒಬ್ಬನೇ ತಾಯಿ ಬೇರೆ ಆದ್ರೆ 0.25, ಯಾರೋ ಆದ್ರೆ 0.

ಇಲ್ಲಿ ಒಂದು ತಪ್ಪು ಆಗೋದು ಬಹಳ ಸುಲಭ, ನಾನು ಮಾಡಿದೀನಿ, ಎರಡು ದಿನ ತಪ್ಪು ಉತ್ತರ ಇಟ್ಕೊಂಡು ಕೂತಿದ್ದೆ. ಅಣ್ಣನಿಗೆ 70% ಅಂದ್ರೆ 4.2 ಸಿಗ್ತಿದೆ, ಅದರ ಅರ್ಧ 2.1, ತನ್ನ 1.8 ಸೇರಿಸಿದ್ರೆ 3.9 ಅಂತ ಬರ್ದೆ. ತಪ್ಪು. ತಮ್ಮ ಇಲ್ದೇ ಇದ್ರೂ ಅಣ್ಣ ಒಬ್ಬಂಟಿಯಾಗಿ 2.4 ಗಳಿಸ್ತಿದ್ದ, ಆದ್ದರಿಂದ ತಮ್ಮ ಜೊತೆಗಿರೋದ್ರಿಂದ ಅಣ್ಣನಿಗೆ ಆದ ಹೆಚ್ಚುವರಿ ಲಾಭ 4.2 − 2.4 = 1.8 ಮಾತ್ರ. ಅದರ ಅರ್ಧ 0.9. ತಮ್ಮನ ಲೆಕ್ಕ 1.8 + 0.9 = 2.7, ಇದು 2.4ಕ್ಕಿಂತ ಜಾಸ್ತಿ, ಅವನು ಇರ್ತಾನೆ. ಮಲತಾಯಿ ಮಕ್ಕಳ ಥರ 0.25 ಹಾಕಿದ್ರೆ 1.8 + 0.45 = 2.25, ಹೊರಟ. ನಂಟಿನ ಲೆಕ್ಕದಲ್ಲಿ ಯಾವಾಗ್ಲೂ "ನನ್ನಿಂದ ಬದಲಾಗಿದ್ದೆಷ್ಟು" ಅಂತ ಕೇಳ್ಕೊಳ್ಳಿ, ಅವನ ಒಟ್ಟು ಆಸ್ತಿ ಎಷ್ಟು ಅಂತ ಅಲ್ಲ.

ಇದನ್ನೇ ನಾಲ್ವರ ಕೂಟಕ್ಕೆ ಹಾಕಿ, ಎದುರಾಳಿನೂ ನಾಲ್ವರು. ಒಟ್ಟು 6. ಎಲ್ಲರಿಗಿಂತ ಕೆಳಗಿನೋನಿಗೆ 10% ಅಂತ ಇಟ್ರೆ 0.6. ಬಿಟ್ಟು ಹೋದ್ರೆ 12 ÷ 17, ಸುಮಾರು 0.7. ಸಂಬಂಧ ಇಲ್ದೋನು ಹೊರಟ. ಆದ್ರೆ ನಾಲ್ವರೂ ಅಣ್ಣತಮ್ಮಂದಿರಾದ್ರೆ? ಅವನಿದ್ದಾಗ ಉಳಿದ ಮೂವರಿಗೆ 5.4, ಅವನಿಲ್ದೆ ಮೂವರಿಗೆ 4.32, ವ್ಯತ್ಯಾಸ 1.08, ಅದರ ಅರ್ಧ 0.54. ಒಟ್ಟು 1.14. ಆರಾಮಾಗಿ ಇರ್ತಾನೆ.

ಈಗ ಕಾಡಿನ ಕಡೆ ತಿರುಗಿ ನೋಡಿ. ಪ್ಯಾಕರ್ ಮತ್ತೆ ಅವರ ಜೊತೆಗಾರರು 1991ರಲ್ಲಿ ಟಾಂಜಾನಿಯಾದ ಸಿಂಹಗಳ ಡಿಎನ್‌ಎ ನೋಡಿ ಹೇಳಿದ್ದು ಏನಂದ್ರೆ, ಇಬ್ಬರು ಮೂವರ ಸಣ್ಣ ಕೂಟಗಳಲ್ಲಿ ಸಂಬಂಧ ಇಲ್ಲದ ಗಂಡುಗಳೂ ಸೇರಿರ್ತವೆ, ನಾಲ್ಕು ಮತ್ತು ಅದಕ್ಕಿಂತ ದೊಡ್ಡ ಕೂಟಗಳು ನಂಟರದ್ದೇ. ದೊಡ್ಡ ಕೂಟದಲ್ಲಿ ಮರಿಗಳ ಹಂಚಿಕೆ ತೀರಾ ಅಸಮ, ಕೆಲವರಿಗೆ ಹೆಚ್ಚುಕಮ್ಮಿ ಏನೂ ಇಲ್ಲ. ನಮ್ಮ ನಾಲ್ಕು ಕಾಲಂ ಶೀಟು ಅದೇ ಮಾತು ಹೇಳ್ತಿದೆ. ಮೊದಲ ಸಲ ಇದು ಹೊಂದಿದ್ದು ನೋಡಿದಾಗ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ ಅಷ್ಟು ಖುಷಿ ಆಗಿತ್ತು.

ನಂಟು ಒಂದರಿಂದಲೇ ಎಲ್ಲಾ ಬಗೆಹರಿಯತ್ತೆ ಅನ್ಕೋಬೇಡಿ ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ರೊಪಾಲಿಡಿಯಾ ಮಾರ್ಜಿನೇಟಾ ಅನ್ನೋ ಕಣಜದ ಮೇಲೆ ಕೆಲಸ ಮಾಡಿದಾರೆ, ಒಂದೇ ಗೂಡಿನ ಕಣಜಗಳ ನಡುವೆ ಸಂಬಂಧ ಅಷ್ಟೇನೂ ಗಟ್ಟಿ ಇರಲ್ಲ, ಆದ್ರೂ ಸೇರಿ ದುಡೀತವೆ. ಹ್ಯಾಮಿಲ್ಟನ್ ನಿಯಮದಲ್ಲಿ ಮೂರು ಅಂಶ ಇದೆ, ನಂಟು ಅದರಲ್ಲಿ ಒಂದು ಮಾತ್ರ, ಲಾಭ ನಷ್ಟನೂ ಅಷ್ಟೇ ಕಷ್ಟಪಟ್ಟು ಅಳೀಬೇಕು.

ಮಾಡೆಲ್ ಸುಳ್ಳು ಹೇಳಿದಾಗ ಏನು ಮಾಡೋದು

ಗಿರ್‌ಗೆ ವಾಪಸ್ ಹೋಗೋಣ. ಅಲ್ಲಿ ಕೆಳಗಿನೋನಿಗೆ 30%ಗಿಂತ ಕಮ್ಮಿ ಸಿಕ್ರೂ ಜೋಡಿ ಉಳಿದಿದೆ. ನಮ್ಮ ಸೂತ್ರದ ಪ್ರಕಾರ ಸಂಬಂಧ ಇಲ್ದೋನು ಅಷ್ಟಕ್ಕೆ ಇರ್ಬೇಕಾದ್ರೆ ಎದುರಾಳಿ ಕೂಟದಲ್ಲಿ ಕನಿಷ್ಠ ನಾಲ್ವರಿರ್ಬೇಕು, ಆದ್ರೆ ಗಿರ್‌ನಲ್ಲಿ ಕೂಟಗಳೇ ಇಬ್ಬರು ಮೂವರದು. ಇಲ್ಲಿ ಪಾಲಿನ ಸಂಖ್ಯೆನ ಅತ್ತಿತ್ತ ಎಳೆದು ಉತ್ತರ ಬರಿಸೋ ಆಸೆ ಆಗತ್ತೆ. ಬೇಡ. ಯಾವ ಊಹೆ ತಪ್ಪು ಅಂತ ಹುಡುಕಿ.

ನಾನು ಹುಡುಕಿದಾಗ ಸಿಕ್ಕಿದ್ದು 12 ಮರಿ ಅನ್ನೋ ಸ್ಥಿರ ಬಹುಮಾನ. ಒಬ್ಬಂಟಿ ಗಂಡು ಹೆಂಗೋ ಒಂದು ಜಾಗ ಗೆದ್ದ ಅಂತಾನೇ ಇಟ್ಕೊಳ್ಳಿ, ಎಷ್ಟು ದಿನ ಉಳಿಸ್ಕೊಳ್ತಾನೆ? ದೊಡ್ಡ ಕೂಟಗಳು ಹೆಣ್ಣುಗಳ ಗುಂಪನ್ನ ಜಾಸ್ತಿ ಕಾಲ ಹಿಡಿದಿಟ್ಕೊಳ್ತವೆ ಅಂತ ಸೆರೆಂಗೆಟಿ ಸಂಶೋಧಕರು 1979ರಲ್ಲೇ ಬರೆದಿದ್ರು. ಹಂಗಾದ್ರೆ ಒಬ್ಬಂಟಿಗೆ ಬಹುಮಾನ ಅರ್ಧ ಮಾಡಿ, 6 ಮರಿ. ಅವನ ಲಾಭ 20% × 6 = 1.2. ಈಗ ಗೆರೆ 1.2 ÷ 6, ಅಂದ್ರೆ 20%. ಕೆಳಗಿನೋನಿಗೆ ಸಿಗೋ 1.8 ಈಗ ಒಳ್ಳೆ ಪಾಲು, ಸಂಬಂಧ ಇಲ್ದಿದ್ರೂ ಅವನು ಇರ್ತಾನೆ. ಗಿರ್ ಅಧ್ಯಯನನೂ ಹೇಳೋದು ಅದೇ, ಕೂಟದಲ್ಲಿ ಕೆಳಗಿದ್ರೂ ಒಬ್ಬಂಟಿಗಿಂತ ವಾಸಿ. ಗೆಲ್ಲೋಕೆ ಮಾತ್ರ ಅಲ್ಲ, ಗೆದ್ದಿದ್ದನ್ನ ಉಳಿಸ್ಕೊಳ್ಳೋಕೆ ಜೊತೆ ಬೇಕು, ಇದು ನಮ್ಮ ಮೊದಲ ಸೂತ್ರದಲ್ಲಿ ಇರ್ಲೇ ಇಲ್ಲ, ಮಾಡೆಲ್ ಸೋತಿದ್ದಕ್ಕೇ ಅದು ಕಣ್ಣಿಗೆ ಬಿತ್ತು.

ಈ ಹಂತದಲ್ಲಿ ಒಂದು ಅಭ್ಯಾಸ ಮಾಡ್ಕೊಳ್ಳಿ: ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಾಯಿಸಿ, ಘಾತಾಂಕ, ಎದುರಾಳಿ, ಪಾಲು, ನಂಟು, ಬಹುಮಾನ, ಪ್ರತಿಯೊಂದಕ್ಕೂ ಬೇರೆ ಬೇರೆ ಶೀಟ್. ಎರಡನ್ನ ಒಟ್ಟಿಗೆ ಅಲ್ಲಾಡಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಮೂವರ ಆಟ

ಇಲ್ಲಿ ತನಕ ಜೊತೆಗಾರ ಯಾರು ಅಂತ ಮೊದಲೇ ತೀರ್ಮಾನ ಆಗಿತ್ತು. ಆರಿಸ್ಕೋಬೇಕಾದ್ರೆ? ಅದಕ್ಕೆ ಕನಿಷ್ಠ ಮೂವರು ಬೇಕು. ಥಿಯೋಡರ್ ಕ್ಯಾಪ್ಲೋ ಅನ್ನೋ ಸಮಾಜಶಾಸ್ತ್ರಜ್ಞರು 1956ರಲ್ಲಿ ಮನುಷ್ಯರಿಗೋಸ್ಕರ ಬರೆದ ಮೂವರ ಲೆಕ್ಕ ಪ್ರಾಣಿಗಳಿಗೂ ಚೆನ್ನಾಗಿ ಒಗ್ಗತ್ತೆ.

ದೊಡ್ಡೋನ ಬಲ 4, ಮಧ್ಯದೋನದು 3, ಸಣ್ಣೋನದು 2. ಯಾವ ಇಬ್ಬರು ಸೇರಿದ್ರೂ ಮೂರನೇದೋನನ್ನ ಸೋಲಿಸಬಹುದು. ಗೆದ್ದಿದ್ದನ್ನ ಬಲದ ಪ್ರಕಾರ ಹಂಚ್ಕೊಳ್ತಾರೆ ಅಂತಿಟ್ಕೊಳ್ಳಿ, ಹಂಚಿಕೆಯ ಈ ಊಹೆ ಮಾತ್ರ ಕ್ಯಾಪ್ಲೋ ಅವರದಲ್ಲ. ದೊಡ್ಡೋನಿಗೆ ಮಧ್ಯದೋನ ಜೊತೆ 57%, ಸಣ್ಣೋನ ಜೊತೆ 67%, ಅವನಿಗೆ ಸಣ್ಣೋನು ಬೇಕು. ಮಧ್ಯದೋನಿಗೆ ದೊಡ್ಡೋನ ಜೊತೆ 43%, ಸಣ್ಣೋನ ಜೊತೆ 60%, ಅವನಿಗೂ ಸಣ್ಣೋನೇ ಬೇಕು. ಸಣ್ಣೋನಿಗೆ ದೊಡ್ಡೋನ ಜೊತೆ 33%, ಮಧ್ಯದೋನ ಜೊತೆ 40%. ಪರಸ್ಪರ ಇಷ್ಟಪಡೋ ಜೋಡಿ ಒಂದೇ, ಮಧ್ಯದೋನು ಮತ್ತೆ ಸಣ್ಣೋನು. ಎಲ್ಲರಿಗಿಂತ ಬಲಶಾಲಿ ಹೊರಗೆ, ಎಲ್ಲರಿಗಿಂತ ಬಲಹೀನನಿಗೆ ಡಿಮ್ಯಾಂಡ್ ಜಾಸ್ತಿ. ನಮ್ಮೋರಿಗೆ ಇದನ್ನ ಹೆಚ್ಚು ವಿವರಿಸಬೇಕಾಗಿಲ್ಲ, 2018ರ ವಿಧಾನಸಭೆ ಫಲಿತಾಂಶದ 104, 78, 37 ಅನ್ನೋ ಮೂರು ಸಂಖ್ಯೆ ನೆನಪಿಸ್ಕೊಳ್ಳಿ, ಮುಖ್ಯಮಂತ್ರಿ ಸ್ಥಾನ ಹೋಗಿದ್ದು 37ಕ್ಕೆ.

ನೆದರ್‌ಲೆಂಡ್ಸ್‌ನ ಆರ್ನೆಮ್ ಮೃಗಾಲಯದಲ್ಲಿ 1970ರ ದಶಕದ ಕೊನೇಲಿ ಫ್ರಾನ್ಸ್ ಡಿ ವಾಲ್ ಅನ್ನೋ ಸಂಶೋಧಕರು ಚಿಂಪಾಂಜಿಗಳಲ್ಲಿ ಕಂಡಿದ್ದೂ ಇದೇ. ನಾಯಕನಾಗಿದ್ದ ವಯಸ್ಸಾದ ಯೆರೂನ್‌ನನ್ನ ಲೌಟ್ ಅನ್ನೋ ಬಲಶಾಲಿ ಗಂಡು ಕೆಳಗಿಳಿಸ್ತು. ಯೆರೂನ್ ಒಬ್ಬನೇ ವಾಪಸ್ ಏರೋಕೆ ಆಗ್ತಿರ್ಲಿಲ್ಲ, ಅದು ಹೋಗಿ ಹರೆಯದ ನಿಕ್ಕಿ ಬೆನ್ನಿಗೆ ನಿಂತ್ಕೊಳ್ತು, ನಿಕ್ಕಿ ನಾಯಕ ಆಯ್ತು, ಲೌಟ್ ಇಳೀತು, ಬೆಂಬಲ ಕೊಟ್ಟಿದ್ದಕ್ಕೆ ಹೆಣ್ಣುಗಳ ವಿಷಯದಲ್ಲಿ ಯೆರೂನ್‌ಗೆ ಒಳ್ಳೆ ಪಾಲು ಸಿಕ್ತು.

ಈಗ ಬಲನ 4, 2, 1 ಮಾಡಿ ನೋಡಿ. ಸಣ್ಣೋರಿಬ್ಬರು ಸೇರಿದ್ರೂ 3, ದೊಡ್ಡೋನನ್ನ ಅಲ್ಲಾಡಿಸೋಕಾಗಲ್ಲ. ಆಸೆ ಇದೆ, ಆದ್ರೆ ಆಗಲ್ಲ. ಸಾಗರ್ ಪಂಡಿತ್ ಮತ್ತೆ ಕಾರೆಲ್ ವಾನ್ ಶೈಕ್ 2003ರಿಂದ ವಾನರಗಳಿಗೆ ಕಟ್ಟಿದ ಮಾಡೆಲ್‌ಗಳು ನಿಂತಿರೋದು ಈ ಎರಡು ಪ್ರಶ್ನೆ ಮೇಲೆ: ಸೇರಿದ್ರೆ ಲಾಭ ಇದೆಯಾ, ಸೇರಿದ್ರೆ ಗೆಲ್ಲೋಕೆ ಆಗತ್ತಾ. ಶೀಟಲ್ಲಿ ಎರಡಕ್ಕೂ ಒಂದೊಂದು ಕಾಲಂ ಇಡಿ, ಎರಡೂ "ಹೌದು" ಆದ್ರೆ ಮಾತ್ರ ಕೂಟ.

ಇದಕ್ಕೆಲ್ಲಾ ಪ್ರಾಣಿಗೆ ತನ್ನ ಸ್ಥಾನ ಮಾತ್ರ ಅಲ್ಲ, ಬೇರೆ ಇಬ್ಬರ ಮಧ್ಯೆ ಯಾರು ಮೇಲು ಅನ್ನೋದೂ ಗೊತ್ತಿರ್ಬೇಕು. ನಮ್ಮೂರ ಮಂಗಗಳಿಗೆ ಗೊತ್ತು. ಅನಿಂದ್ಯ ಸಿನ್ಹಾ ಅನ್ನೋ ಸಂಶೋಧಕರು 1998ರಲ್ಲಿ ಬರೆದಿದ್ದು: ಎರಡು ಹೆಣ್ಣು ಮಂಗ ಹೇನು ನೋಡ್ಕೊಂಡು ಕೂತಿದ್ದಾಗ ಅವೆರಡಕ್ಕಿಂತ ಮೇಲಿನ ಹೆಣ್ಣೊಂದು ಹತ್ರ ಬಂದ್ರೆ, ಎದ್ದು ಹೋಗೋದು ಸಾಮಾನ್ಯವಾಗಿ ಆ ಎರಡರಲ್ಲಿ ಕೆಳಗಿನದು. ಬಂದವಳು ತನಗಿಂತ ಮೇಲು ಅನ್ನೋದು ಎರಡಕ್ಕೂ ಸಮ, ಆದ್ರೂ ಒಂದೇ ಏಳತ್ತೆ, ಯಾಕಂದ್ರೆ ಪಕ್ಕದಲ್ಲಿ ಕೂತಿರೋಳು ಕೂಡ ತನಗಿಂತ ಮೇಲು ಅನ್ನೋ ಲೆಕ್ಕನೂ ಅದಕ್ಕಿದೆ.

ನೆನಪು ಸೇರಿಸೋದು

ಇಲ್ಲಿಂದ ಕಂಪ್ಯೂಟರ್. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಡಾಲ್ಫಿನ್‌ಗಳನ್ನ ನೋಡಿದ್ರೆ ಯಾಕೆ ಅಂತ ಗೊತ್ತಾಗತ್ತೆ. ರಿಚರ್ಡ್ ಕಾನರ್ ಮತ್ತೆ ತಂಡ 1992ರಲ್ಲಿ ತೋರಿಸಿದ್ದು, ಗಂಡುಗಳು ಎರಡು ಮೂರು ಸೇರಿ ಹೆಣ್ಣನ್ನ ಕಾಯ್ತವೆ, ಅಂಥ ಸಣ್ಣ ಕೂಟಗಳೇ ಮತ್ತೆ ಸೇರಿ ಇನ್ನೊಂದು ದೊಡ್ಡ ಮೈತ್ರಿ ಆಗತ್ತೆ, ಆ ಮೈತ್ರಿಗಳ ನಡುವೆನೂ ಸ್ನೇಹ ಇರತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. 2022ರ ಅವರ ವಿಶ್ಲೇಷಣೇಲಿ 121 ಗಂಡುಗಳ ಜಾಲ ಇತ್ತು. ಇದನ್ನ ನಾಲ್ಕು ಕಾಲಂನಲ್ಲಿ ಹಿಡಿಯೋಕಾಗಲ್ಲ.

ಸೆರ್ಗೇ ಗಾವ್ರಿಲೆಟ್ಸ್ ಮತ್ತೆ ಜೊತೆಗಾರರು 2008ರಲ್ಲಿ ಬಳಸಿದ ಯೋಚನೆ ಸರಳವಾಗಿದೆ, ನಾನು ಇನ್ನೂ ಸರಳ ಮಾಡಿ ಹೇಳ್ತೀನಿ. ಗೂಗಲ್ ಕೊಲ್ಯಾಬ್‌ನಲ್ಲಿ (ಬ್ರೌಸರ್‌ನಲ್ಲೇ ಪೈಥಾನ್ ಓಡಿಸೋ ಜಾಗ) 10 ಪ್ರಾಣಿ ಮಾಡಿ, ಪ್ರತಿಯೊಂದಕ್ಕೂ ಒಂದು ಬಲ. 10 ಅಡ್ಡ 10 ಉದ್ದದ ಒಂದು ಟೇಬಲ್, ಅದರಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ಒಲವು, 0ರಿಂದ 1ರ ಒಳಗೆ. ಪ್ರತಿ ಸುತ್ತಲ್ಲಿ ಯಾರೋ ಇಬ್ಬರು ಜಗಳ ಆಡ್ತಾರೆ. ಉಳಿದೋರಲ್ಲಿ ಪ್ರತಿಯೊಬ್ಬರೂ ಆ ಜಗಳ ಗಮನಿಸೋ ಚಾನ್ಸ್ 0.5 ಇರ್ಲಿ. ಗಮನಿಸಿದೋನು ಇಬ್ಬರಲ್ಲಿ ಯಾರ ಮೇಲೆ ಒಲವು ಜಾಸ್ತಿನೋ ಅವರ ಕಡೆ ಸೇರ್ತಾನೆ, ಒಲವಿನ ವ್ಯತ್ಯಾಸ ಎಷ್ಟೋ ಅಷ್ಟೇ ಚಾನ್ಸಲ್ಲಿ. ಎರಡೂ ಕಡೆ ಬಲ ಕೂಡಿಸಿ ವರ್ಗ ಸೂತ್ರದಿಂದ ಯಾರು ಗೆದ್ರು ಅಂತ ನಿರ್ಧರಿಸಿ. ಒಟ್ಟಿಗೆ ಗೆದ್ದೋರ ಒಲವು 0.1 ಏರಿಸಿ, ಒಟ್ಟಿಗೆ ಸೋತೋರದು 0.05 ಇಳಿಸಿ, ಎದುರಾಬದುರಾ ನಿಂತೋರದು 0.1 ಇಳಿಸಿ. ಕೊನೇಲಿ ಇಡೀ ಟೇಬಲ್‌ನ 0.99ರಿಂದ ಗುಣಿಸಿ, ಅದೇ ಮರೆವು. 5,000 ಸುತ್ತು ಓಡಿಸಿ.

ಎಲ್ಲಾ ಒಲವನ್ನ ಸೊನ್ನೆಯಿಂದ ಶುರು ಮಾಡಿದ್ರೆ ಯಾರೂ ಯಾರಿಗೂ ಸಹಾಯ ಮಾಡಲ್ಲ, ಟೇಬಲ್ ಸೊನ್ನೆಲೇ ಉಳೀತದೆ, ಆದ್ದರಿಂದ ಶುರುವಲ್ಲಿ ಸಣ್ಣ ಸಣ್ಣ ಯಾದೃಚ್ಛಿಕ ಸಂಖ್ಯೆ ತುಂಬಿ. ಅಪರಿಚಿತರ ಮಧ್ಯೆ ಮೊದಲ ಹೆಜ್ಜೆ ಹೇಗೆ ಅನ್ನೋದು ನಿಜಜೀವನದಲ್ಲೂ ಪ್ರಶ್ನೆನೇ. ರಕ್ತ ಕುಡಿಯೋ ಬಾವಲಿಗಳಲ್ಲಿ ಎರಡು ಮೂರು ರಾತ್ರಿ ಊಟ ಸಿಗ್ಲಿಲ್ಲ ಅಂದ್ರೆ ಸಾವು, ಹೊಟ್ಟೆ ತುಂಬಿದೋರು ಹಸಿದೋರಿಗೆ ತಾವು ಕುಡಿದಿದ್ದನ್ನ ಕಕ್ಕಿ ಕೊಡ್ತಾರೆ. ಜೆರಾಲ್ಡ್ ಕಾರ್ಟರ್ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತ ಬಾವಲಿಗಳನ್ನ ಒಟ್ಟಿಗೆ ಬಿಟ್ಟಾಗ ಮೊದಲು ಮೈ ನೆಕ್ಕಿ ಸ್ವಚ್ಛ ಮಾಡೋದು, ಅದು ಎರಡೂ ಕಡೆಯಿಂದ ಏರಿದ ಮೇಲೆ ಊಟ ಹಂಚೋದು ಬಂತು. ಕಡಿಮೆ ಖರ್ಚಿನ ಸಹಾಯದಿಂದ ಶುರು ಮಾಡಿ, ಉತ್ತರ ಬಂದ್ರೆ ಏರಿಸು ಅನ್ನೋ ನಿಯಮನ ನಿಮ್ಮ ಕೋಡ್‌ಗೂ ಹಾಕಬಹುದು.

ಆಮೇಲೆ ಜಗಳ ಗಮನಿಸೋ ಚಾನ್ಸನ್ನ 0.1ರಿಂದ 0.9ರ ತನಕ ಏರಿಸ್ತಾ ಪ್ರತಿ ಸಲ ಟೇಬಲ್ ನೋಡಿ. ಗಾವ್ರಿಲೆಟ್ಸ್ ಮಾಡೆಲ್‌ನಲ್ಲಿ ಇಂಥ ಸಂಖ್ಯೆಗಳು ಒಂದು ಮಟ್ಟ ದಾಟಿದ ತಕ್ಷಣ ಮೈತ್ರಿಗಳು ಇದ್ದಕ್ಕಿದ್ದಂಗೆ ಹುಟ್ತವೆ, ನೀರು ಕುದಿಯೋ ಬಿಂದು ಮುಟ್ಟಿದಂಗೆ. ನಿಮ್ಮ ಪುಟ್ಟ ಮಾಡೆಲ್‌ನಲ್ಲಿ ಹಂಗೆ ಆಗತ್ತಾ, ನಿಧಾನಕ್ಕೆ ಏರತ್ತಾ ಅಂತ ನೀವೇ ನೋಡ್ಬೇಕು. ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರ್ಬೇಡಿ, ಪ್ರತಿ ಸೆಟ್ಟಿಂಗಿಗೂ 100 ಸಲ ಓಡಿಸಿ ಸರಾಸರಿ ಮತ್ತೆ ಹರಡುವಿಕೆ ಎರಡನ್ನೂ ಬರ್ಕೊಳ್ಳಿ.

ನಿಜವಾದ ಪ್ರಾಣಿ ಜೊತೆ ಹೋಲಿಸೋದು

ಇದಕ್ಕೆ ಆಸ್ಟ್ರೇಲಿಯಾಕ್ಕೆ ಹೋಗ್ಬೇಕಾಗಿಲ್ಲ, ಮನೆ ಹತ್ರದ ಬೆಟ್ಟದ ದೇವಸ್ಥಾನದಲ್ಲಿ ಮಂಗ ಇದ್ರೆ ಸಾಕು. ತಿನ್ನೋಕೆ ಏನೂ ಕೊಡ್ಬೇಡಿ, ಕೊಟ್ರೆ ನಿಮ್ಮಿಂದಲೇ ಹೊಸ ಜಗಳ ಹುಟ್ಟತ್ತೆ, ಡೇಟಾನೂ ಹಾಳು ಮಂಗಗಳಿಗೂ ಹಾಳು. ದೂರ ಕೂತು ಮುಖದ ಗುರುತು, ಕಿವಿ ಹರಿದಿರೋದು, ಬಾಲ ತುಂಡಾಗಿರೋದು ನೋಡಿ ಆರೇಳು ಗಂಡುಗಳಿಗೆ ಹೆಸರಿಡಿ. ಪ್ರತಿ ಹತ್ತು ನಿಮಿಷಕ್ಕೆ ಯಾರ ಜೊತೆ ಯಾರಿದ್ರು ಅಂತ ಬರೀರಿ.

ಇಬ್ಬರ ಒಡನಾಟಕ್ಕೆ ಡಾಲ್ಫಿನ್ ಸಂಶೋಧಕರು ಬಹಳ ಬಳಸೋ ಒಂದು ಸೂಚ್ಯಂಕ ಇದೆ: ಒಟ್ಟಿಗೆ ಕಂಡ ಸಲಗಳನ್ನ, ಒಟ್ಟಿಗೆ ಕಂಡ ಸಲಗಳು ಮತ್ತೆ ಬೇರೆ ಬೇರೆ ಕಂಡ ಸಲಗಳ ಅರ್ಧ, ಇವೆರಡರ ಮೊತ್ತದಿಂದ ಭಾಗಿಸಿ. ಕರಿಯ ಮತ್ತೆ ಕೆಂಚ ಒಟ್ಟಿಗೆ 12 ಸಲ, ಕರಿಯ ಮಾತ್ರ 6 ಸಲ, ಕೆಂಚ ಮಾತ್ರ 10 ಸಲ ಕಂಡ್ರೆ, 12 ÷ (12 + 8) = 0.6. ಒಂದೇ ಹೊತ್ತಲ್ಲಿ ಇಬ್ಬರೂ ಬೇರೆ ಬೇರೆ ಗುಂಪಲ್ಲಿ ಕಂಡಿದ್ರೆ ಆ ಸಲಗಳನ್ನ ಅರ್ಧ ಮಾಡದೆ ಪೂರ್ತಿಯಾಗಿ ಕೆಳಗೆ ಸೇರಿಸಿ.

0.6 ಜಾಸ್ತಿನಾ ಕಮ್ಮಿನಾ? ಹಂಗೇ ಹೇಳೋಕಾಗಲ್ಲ. ಇಬ್ಬರಿಗೂ ಒಂದೇ ಮರದ ನೆರಳು ಇಷ್ಟ ಇದ್ರೂ ಒಟ್ಟಿಗೆ ಕಾಣ್ತಾರೆ, ಮೈತ್ರಿ ಏನೂ ಬೇಕಿಲ್ಲ. ಅದಕ್ಕೆ ನಿಮ್ಮ ಪಟ್ಟೀಲಿ ಗುಂಪಿನ ಗಾತ್ರ ಮತ್ತೆ ಪ್ರತಿಯೊಬ್ಬ ಎಷ್ಟು ಸಲ ಕಂಡ ಅನ್ನೋದು ಬದಲಾಗದಂಗೆ ಹೆಸರುಗಳನ್ನ ಮಾತ್ರ ಅದಲು ಬದಲು ಮಾಡಿ, ಒಂದೇ ದಿನದ ಒಂದೇ ಜಾಗದ ಗುಂಪುಗಳ ನಡುವೆ ಮಾತ್ರ, ಇಸ್ಪೀಟು ಕಲಸಿದಂಗೆ 1,000 ಸಲ, ಪ್ರತಿ ಸಲ ಸೂಚ್ಯಂಕ ಲೆಕ್ಕ ಹಾಕಿ. ಕಲಸಿದ ಪಟ್ಟಿಗಳಲ್ಲಿ 0.6ಕ್ಕೆ ಮುಟ್ಟೋದು 50ಕ್ಕಿಂತ ಕಮ್ಮಿ ಸಲ ಆದ್ರೆ ಕರಿಯ ಕೆಂಚನ ನಡುವೆ ಏನೋ ಇದೆ ಅಂತ ಹೇಳೋ ಹಕ್ಕು ನಿಮಗೆ ಬಂತು. ಜೊತೆಗೆ ಜಗಳದಲ್ಲಿ ಯಾರು ಯಾರ ಪರ ನಿಂತ್ರು ಅನ್ನೋದನ್ನ ಬೇರೆ ಪುಟದಲ್ಲಿ ಬರೀತಾ ಹೋಗಿ, ಒಡನಾಟ ಒಂದು ಕಡೆ, ಬೆಂಬಲ ಇನ್ನೊಂದು ಕಡೆ.

ಮಂಗ ಮುಗಿದ ಮೇಲೆ ಯೋಚ್ನೆ ಮಾಡೋಕೆ ಇನ್ನೊಂದು ಪ್ರಾಣಿ ಇದೆ. ಗಂಡಾನೆ ದೊಡ್ಡದಾದ ಮೇಲೆ ಹೆಚ್ಚಾಗಿ ಒಂಟಿ ಅಂತಲೇ ನಾವೆಲ್ಲಾ ಕೇಳಿರೋದು, ಆದ್ರೆ ದಕ್ಷಿಣ ಭಾರತದಲ್ಲಿ ಕಾಡು ಹೊಲ ಬೆರೆತಿರೋ ಕಡೆ ಗಂಡಾನೆಗಳೇ ಸೇರಿ ಗುಂಪು ಕಟ್ಕೊಂಡು ಓಡಾಡ್ತಿವೆ ಅಂತ ಬೆಂಗಳೂರಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ರು. ಇಲ್ಲಿ ಎದುರಾಳಿ ಇನ್ನೊಂದು ಆನೆ ಅಲ್ಲ, ಪಟಾಕಿ ಹಿಡ್ಕೊಂಡು ರಾತ್ರಿ ಹೊಲ ಕಾಯೋ ಮನುಷ್ಯ, ಬಹುಮಾನ ರಾಗಿ. ನ ಮತ್ತೆ ಎ ಇರೋ ಸೂತ್ರದಲ್ಲಿ ಎ ಜಾಗಕ್ಕೆ ಏನು ಹಾಕ್ತೀರಿ, ಒಂಟಿಯಾಗಿ ಕಾಡಲ್ಲೇ ಮೇಯೋದ್ರ ಬೆಲೆ ಎಷ್ಟು ಇಡ್ತೀರಿ, ಅಲ್ಲಿಂದ ಹೊಸ ಶೀಟ್ ಶುರು ಮಾಡಿ.